ಸೌತಾಂಪ್ಟನ್ ಟೈಟಾನಿಕ್‌ನಿಂದ ಶುರುವಾದ ಊರಲ್ಲ: ಟೂರ್ ಕರೆತರುವವರಿಗೆ ಒಂದು ಬಹಿರಂಗ ಪತ್ರ

ಕನ್ನಡಿಗರನ್ನು ಇಂಗ್ಲೆಂಡ್ ಪ್ರವಾಸಕ್ಕೆ ಕರೆತರುವ ಟೂರ್ ಸಂಘಟಕರಿಗೆ, ಟೂರ್ ಮ್ಯಾನೇಜರ್‌ಗಳಿಗೆ ಮತ್ತು ಬಸ್ಸಿನಲ್ಲಿ ಮೈಕ್ ಹಿಡಿಯುವ ಗೈಡ್‌ಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು 11 ವರ್ಷದಿಂದ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಂದರು ಊರು ಸೌತಾಂಪ್ಟನ್‌ನಲ್ಲಿದ್ದೇನೆ. ನನ್ನ ಕೆಲಸಕ್ಕೂ ಇತಿಹಾಸಕ್ಕೂ ಏನೂ ಸಂಬಂಧವಿಲ್ಲ. ಮಧ್ಯಾಹ್ನ ಬುತ್ತಿ ಖಾಲಿ ಮಾಡಿ ಹಳೇ ಕೋಟೆಗೋಡೆಯ ಪಕ್ಕ ಒಂದು ಸುತ್ತು ಹಾಕುವುದು ಅಭ್ಯಾಸ, ಅಷ್ಟೇ. ನಿಮ್ಮ ಮೇಲೆ ನನಗೆ ದ್ವೇಷವೂ ಇಲ್ಲ. ವಯಸ್ಸಾದವರನ್ನು, ಮೊದಲ ಸಲ ವಿಮಾನ ಹತ್ತಿದವರನ್ನು ಇಷ್ಟು ದೂರ ಕರೆತಂದು, ಅನ್ನ ಸಾರು ಹಾಕಿ, ಪಾಸ್‌ಪೋರ್ಟ್ ಕಳೆಯದಂತೆ ನೋಡಿಕೊಂಡು ವಾಪಸ್ ಕಳಿಸುವುದು ಸುಲಭದ ಮಾತಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳದೆ ಇರಲು ಆಗುತ್ತಿಲ್ಲ.

ನನ್ನ ಚಿಕ್ಕಪ್ಪ, ಚಿಕ್ಕಮ್ಮ ಅಂಥದ್ದೊಂದು ಗುಂಪಿನಲ್ಲಿ ಬಂದಿದ್ದರು. ಸಂಜೆ ಇಲ್ಲಿಂದ ಕ್ರೂಸ್ ಹಡಗು ಹತ್ತಬೇಕಿತ್ತು. ಬೆಳಗ್ಗೆ 11 ಗಂಟೆಗೇ ಬಸ್ಸು ಊರಿನ ದೊಡ್ಡ ಮಾಲ್ ಹತ್ತಿರ ನಿಂತಿತು. ನಾನು ರಜೆ ಹಾಕಿ, ಒಂದು ಡಬ್ಬಿ ಚಿತ್ರಾನ್ನ ಹಿಡಿದು ಕಾಯುತ್ತಿದ್ದೆ. ಬಸ್ಸಿನ ಬಾಗಿಲು ತೆರೆದಾಗ ಗೈಡ್ ಇನ್ನೂ ಮೈಕ್‌ನಲ್ಲಿ ಮಾತಾಡುತ್ತಿದ್ದರು. "ಇದು ಟೈಟಾನಿಕ್ ಊರು. ಟೈಟಾನಿಕ್‌ನಿಂದಲೇ ಬೆಳೆದದ್ದು. ಆ ಕಡೆ ಕಾಣೋದು ರೋಮನ್ನರ ಗೋಡೆ. ನಾಲ್ಕು ಗಂಟೆ ಫ್ರೀ ಟೈಮ್, ಶಾಪಿಂಗ್ ಮಾಡಿಕೊಳ್ಳಿ." ಚಿಕ್ಕಪ್ಪ ಹೈಸ್ಕೂಲಿನಲ್ಲಿ 30 ವರ್ಷ ಸಮಾಜ ಪಾಠ ಮಾಡಿದವರು, ಸುಮ್ನೆ ಇಳಿಯುವ ಪೈಕಿ ಅಲ್ಲ. "ಅದಕ್ಕೂ ಮುಂಚೆ ಇಲ್ಲಿ ಏನಿತ್ತು?" ಅಂತ ಕೇಳಿದರು. "ಏನಿಲ್ಲ ಸಾರ್, ಮೀನು ಹಿಡಿಯೋರ ಹಳ್ಳಿ" ಅಂತ ಉತ್ತರ ಬಂತು.

ನನ್ನ ದೂರು ಇರುವುದೇ ಈ ಮೀನು ಹಿಡಿಯೋರ ಹಳ್ಳಿಯ ಬಗ್ಗೆ.

ಟೈಟಾನಿಕ್ ಬಗ್ಗೆ ಹೇಳಬೇಡಿ ಅನ್ನುತ್ತಿಲ್ಲ. 1912ರ ಏಪ್ರಿಲ್ 10ರಂದು ಅದು ಹೊರಟದ್ದು ಇಲ್ಲಿಂದಲೇ. ಸತ್ತವರಲ್ಲಿ ಐನೂರಕ್ಕೂ ಹೆಚ್ಚು ಜನ ಈ ಊರಿನ ನಿವಾಸಿಗಳು. ಬಹಳಷ್ಟು ಮಂದಿ ಹಡಗಿನ ಕೆಲಸದವರು, ಕಲ್ಲಿದ್ದಲು ಸುರಿಯುವವರು. ಅದು ಈ ಊರಿನ ದುಃಖ, ಹೇಳಲೇಬೇಕು. ಆದರೆ ಟೈಟಾನಿಕ್ ಹೊರಡುವ ಹೊತ್ತಿಗೆ ಈ ಬಂದರಿಗೆ 1,200 ವರ್ಷ ದಾಟಿತ್ತು. ರೋಮನ್ನರ ಕಾಲವನ್ನೂ ಸೇರಿಸಿದರೆ ಇನ್ನೂ ಜಾಸ್ತಿ.

ರೋಮನ್ನರು ಇಲ್ಲಿದ್ದದ್ದು ನಿಜ. ಆದರೆ ಮಾಲ್ ಪಕ್ಕದಲ್ಲಿ ಅಲ್ಲ, ಇಚೆನ್ ಹೊಳೆಯ ಆಚೆ ದಂಡೆಯಲ್ಲಿ, ಈಗ ಬಿಟರ್ನ್ ಮ್ಯಾನರ್ ಅನ್ನುವ ಕಡೆ. ಹೊಳೆ ಬಳುಕಿ ತಿರುಗುವ ಜಾಗ ಅದು. ಅಲ್ಲಿದ್ದ ಅವರ ಊರನ್ನು ಕ್ಲಾಸೆಂಟಮ್ ಎಂದು ಗುರುತಿಸುತ್ತಾರೆ. ಐದನೇ ಶತಮಾನದ ಶುರುವಿಗೆ ರೋಮನ್ ಆಡಳಿತ ಬ್ರಿಟನ್ನಿನಿಂದ ಕಾಲು ತೆಗೆಯಿತು, ಆ ಊರೂ ಖಾಲಿಯಾಯಿತು. ನೀವು ಬಸ್ಸಿನಿಂದ ತೋರಿಸುವ ಗೋಡೆ ಅದಾಗಿ ಸುಮಾರು ಒಂಬತ್ತು ನೂರು ವರ್ಷದ ನಂತರದ್ದು. ನಮ್ಮ ಕಡೆ ಹೇಳುವುದಾದರೆ, ಬಾದಾಮಿಯ ಗುಹೆಯನ್ನು ತೋರಿಸಿ ಟಿಪ್ಪು ಕಟ್ಟಿಸಿದ್ದು ಅಂದ ಹಾಗಾಯಿತು.

ಇನ್ನು ನಿಮ್ಮ ಮೀನು ಹಿಡಿಯೋರ ಹಳ್ಳಿ. ಸುಮಾರು 700ರ ಹೊತ್ತಿಗೆ, ವೆಸೆಕ್ಸ್ ಅನ್ನುವ ಸ್ಯಾಕ್ಸನ್ ರಾಜ್ಯವನ್ನು ಇನಿ ಎಂಬ ರಾಜ ಆಳುತ್ತಿದ್ದಾಗ, ಇಚೆನ್‌ನ ಈಚೆ ದಂಡೆಯಲ್ಲಿ ಹ್ಯಾಮ್‌ವಿಕ್ ಅನ್ನುವ ಪೇಟೆ ಎದ್ದಿತು. ತಾನಾಗಿ ಬೆಳೆದ ಹಳ್ಳಿಯಲ್ಲ ಅದು. ಲೆಕ್ಕ ಹಾಕಿ ಗೆರೆ ಎಳೆದ ಬೀದಿಗಳು, ಬೀದಿಗೆ ಜಲ್ಲಿ, ಸುತ್ತಲೂ ಕಂದಕ. ವಿಸ್ತಾರ ಸುಮಾರು 45 ಹೆಕ್ಟೇರ್, ಎರಡು ಮೂರು ಸಾವಿರ ಜನ ಎಂದು ಅಗೆದು ನೋಡಿದವರು ಅಂದಾಜು ಮಾಡಿದ್ದಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಮೂಳೆಯಲ್ಲಿ ಬಾಚಣಿಗೆ ಕೊರೆಯುವವರು, ಲೋಹ ಕಾಯಿಸುವವರು, ನೇಯುವವರು ಇದ್ದರು. ಫ್ರಾನ್ಸ್ ಕಡೆಯ ಮಡಕೆ, ಒಡೆದ ಗಾಜಿನ ಲೋಟ, ಉಗುರಿನಷ್ಟು ಚಿಕ್ಕ ಬೆಳ್ಳಿ ನಾಣ್ಯ ಮಣ್ಣಿನಲ್ಲಿ ಸಿಕ್ಕಿವೆ. 720ರ ಸುಮಾರಿಗೆ ವಿಲಿಬಾಲ್ಡ್ ಎಂಬ ಸನ್ಯಾಸಿ ರೋಮ್ ಯಾತ್ರೆಗೆ ಹಡಗು ಹತ್ತಿದ್ದು ಈ ಪೇಟೆಯ ಹತ್ತಿರದಿಂದ. ಅವನ ಯಾತ್ರೆಯ ಕಥೆ ಬರೆದ ಸನ್ಯಾಸಿನಿ ಇದನ್ನು ವ್ಯಾಪಾರದ ಸ್ಥಳ ಎಂದೇ ಕರೆದಿದ್ದಾಳೆ.

ಹ್ಯಾಮ್‌ವಿಕ್ ಈಗ ಕಾಣುವುದಿಲ್ಲ, ಒಪ್ಪುತ್ತೇನೆ. ಸೇಂಟ್ ಮೇರೀಸ್ ಫುಟ್‌ಬಾಲ್ ಸ್ಟೇಡಿಯಂ ಗೊತ್ತಲ್ವಾ, ಅದನ್ನು ಕಟ್ಟುವ ಮುನ್ನ ನೆಲ ಅಗೆದಾಗ ಆ ಕಾಲದ ಸ್ಮಶಾನ ಸಿಕ್ಕಿತು. ಆಯುಧ, ಆಭರಣ ಇಟ್ಟು ಹೂಳಿದ್ದರು. ಶನಿವಾರ ಗೋಲ್ ಹೊಡೆದಾಗ ಸಾವಿರಾರು ಜನ ಅದರ ಮೇಲೆ ಕುಣಿಯುತ್ತಾರೆ. ಬಸ್ಸು ಆ ಕಡೆ ಹಾದುಹೋಗುವಾಗ ಇದೊಂದು ಮಾತು ಹೇಳಲು ಅರ್ಧ ನಿಮಿಷ ಸಾಕು.

ಈ ಜಾಗ ಯಾಕೆ ಬಂದರಾಯಿತು ಅನ್ನುವುದಕ್ಕೂ ಒಂದು ಮಾತು ಬೇಕು. ಒಂದು ಕಡೆ ಇಚೆನ್, ಇನ್ನೊಂದು ಕಡೆ ಟೆಸ್ಟ್ ಎಂಬ ಹೊಳೆ, ಎರಡೂ ಸೇರಿ ಒಳಗೆ ಚಾಚಿದ ಕಡಲ ತೋಳಿಗೆ ಬೀಳುತ್ತವೆ. ಎದುರಿಗೆ ಐಲ್ ಆಫ್ ವೈಟ್ ದ್ವೀಪ ಅಡ್ಡ ನಿಂತಿದೆ, ಹಾಗಾಗಿ ಅಲೆಯ ಹೊಡೆತ ಕಡಿಮೆ. ಮೇಲಾಗಿ ಇಲ್ಲಿ ಉಬ್ಬರ ಒಮ್ಮೆ ಏರಿ ತಕ್ಷಣ ಇಳಿಯುವುದಿಲ್ಲ. ಸ್ವಲ್ಪ ಇಳಿದಂತೆ ಮಾಡಿ ಮತ್ತೆ ಏರುತ್ತದೆ. ತುಂಬಿದ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಭಾರದ ಹಡಗುಗಳಿಗೆ ಇದಕ್ಕಿಂತ ಏನು ಬೇಕು? ನಿಮ್ಮ ಕ್ರೂಸ್ ಹಡಗಿಗೂ ಉಪಯೋಗಕ್ಕೆ ಬರುವುದು ಇದೇ ನೀರು.

ಅದೇ ನೀರಲ್ಲಿ ವೈಕಿಂಗರು ಅನ್ನುವ ಕಡಲ ದಾಳಿಕೋರರೂ ಬಂದರು. 840ರಲ್ಲಿ 33 ಹಡಗು ತುಂಬ ಬಂದವರ ಜೊತೆ ಇಲ್ಲಿ ಕಾದಾಟವಾಯಿತು ಎಂದು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಹಳೇ ಇಂಗ್ಲಿಷ್ ವರ್ಷವಾರು ದಾಖಲೆ ಹೇಳುತ್ತದೆ. 980ರಲ್ಲಿ ಮತ್ತೆ ಬಂದು ಊರಿನ ಬಹುಪಾಲು ಜನರನ್ನು ಕೊಂದರು ಇಲ್ಲವೇ ಹಿಡಿದೊಯ್ದರು. 994ರಲ್ಲಂತೂ 16,000 ಪೌಂಡ್ ಹಣ ಒಪ್ಪಿಸಿಕೊಂಡು ಚಳಿಗಾಲವನ್ನು ಇಲ್ಲೇ ಕಳೆದರು. ಅಷ್ಟರಲ್ಲಿ ಜನ ಇಚೆನ್ ದಂಡೆ ಬಿಟ್ಟು ಪಶ್ಚಿಮದ ದಿಣ್ಣೆಗೆ, ಟೆಸ್ಟ್ ಕಡೆಗೆ ಸರಿದಿದ್ದರು. ಈಗಿನ ಹಳೇ ಪೇಟೆ ಅಲ್ಲಿ ಹುಟ್ಟಿತು. ಹ್ಯಾಂಪ್‌ಶೈರ್ ಅನ್ನುವ ಇಡೀ ಜಿಲ್ಲೆಗೆ ಹೆಸರು ಬಂದದ್ದು ಹ್ಯಾಮ್‌ಟನ್ ಅನ್ನುವ ಈ ಊರಿನಿಂದ. ಹಳ್ಳಿಯ ಹೆಸರನ್ನು ಯಾರಾದರೂ ಜಿಲ್ಲೆಗೆ ಇಡುತ್ತಾರೆಯೇ?

ಡೆನ್ಮಾರ್ಕ್ ಮೂಲದ ಕನ್ಯೂಟ್ ರಾಜ ಅಲೆಗೆ "ನಿಲ್ಲು" ಅಂದ ಕಥೆಯನ್ನು ಕೆಲವು ಗೈಡ್‌ಗಳು ಹೇಳುತ್ತಾರೆ. ಹೇಳಿ, ಚೆನ್ನಾಗಿದೆ. ಆದರೆ ರಾಜ ಹುಚ್ಚ ಎಂದು ನಗಿಸಬೇಡಿ. ಹೊಗಳುಭಟ್ಟರ ಬಾಯಿ ಮುಚ್ಚಿಸಲು ಅವನು ಹಾಗೆ ಮಾಡಿದ ಅನ್ನುವುದೇ ಆ ಕಥೆಯ ತಿರುಳು. ಅದು ನಡೆದದ್ದು ತಮ್ಮಲ್ಲೇ ಎಂದು ಬೇರೆ ಊರುಗಳೂ ಹಕ್ಕು ಹೇಳುತ್ತವೆ. 1016ರಲ್ಲಿ ಇಂಗ್ಲೆಂಡಿನ ದೊಡ್ಡ ಮನುಷ್ಯರು ಇಲ್ಲಿ ಸೇರಿ ಅವನನ್ನು ರಾಜ ಎಂದು ಒಪ್ಪಿಕೊಂಡದ್ದು ಮಾತ್ರ ದಾಖಲಾಗಿದೆ.

ಮತ್ತೆ ನಮ್ಮ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಗುಂಪು ಮಾಲ್ ಒಳಗೆ ಹೋಯಿತು. ಚಿಕ್ಕಮ್ಮ ಮೊಮ್ಮಗಳಿಗೆ ಸ್ವೆಟರ್ ಹುಡುಕಲು ಹೊರಟರು. ಚಿಕ್ಕಪ್ಪ ಮಂಡಿ ನೋವು ಎಂದು ನಿಧಾನವಾಗಿ ನನ್ನ ಜೊತೆ ಗೋಡೆ ಹಿಡಿದು ಹೊರಟರು. ಒಂದು ಕಡೆ ಎತ್ತರದ ಕಲ್ಲುಗೋಡೆ, ಇನ್ನೊಂದು ಕಡೆ ಕಾರು ಓಡುವ ರಸ್ತೆ. ಆ ರಸ್ತೆ ಇರುವ ಕಡೆ ಸುಮಾರು ನೂರು ವರ್ಷದ ಹಿಂದೆ ಕಡಲಿತ್ತು, ನೀರು ಗೋಡೆಯ ಬುಡಕ್ಕೇ ಬರುತ್ತಿತ್ತು ಅಂದೆ. ಅವರು ನಿಂತು ಗೋಡೆಯ ಬುಡ ನೋಡಿದರು, ರಸ್ತೆ ನೋಡಿದರು. ಮುಂದೆ ಸಾಲಾಗಿ ಕಮಾನುಗಳು ಶುರುವಾದವು. ಒಂದು ಕಮಾನಿನ ಒಳಗೆ ಕೈಯಿಟ್ಟು ಸವರಿದರು. ಸುತ್ತಲಿನ ಕಲ್ಲು ಒಂದು ಥರ, ನಡುವೆ ತುಂಬಿದ ಕಲ್ಲು ಇನ್ನೊಂದು ಥರ. "ಇದು ಮನೆ ಬಾಗಿಲು ಕಣೋ. ಮುಚ್ಚಿಬಿಟ್ಟಿದ್ದಾರೆ. ಯಾರು ಮುಚ್ಚಿದ್ದು?" ಅಂದರು.

ಆ ಬಾಗಿಲುಗಳ ಬಗ್ಗೆ ನಾನಿನ್ನೂ ಏನೂ ಹೇಳಿರಲಿಲ್ಲ. ನಿಮ್ಮ ಪ್ರವಾಸಿಗರಿಗೆ ಇದೆಲ್ಲ ಬೇಕಾಗಿಲ್ಲ, ಬೋರ್ ಆಗುತ್ತದೆ ಅನ್ನುತ್ತೀರಲ್ಲ, ಅದಕ್ಕೆ ಈ ಮಾತು ಬರೆದೆ.

ಮುಚ್ಚಿದ ಕಥೆ ಹೀಗೆ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಈ ಊರಿನಲ್ಲಿ 65 ಫ್ರೆಂಚರು, 31 ಇಂಗ್ಲಿಷರು ಹೊಸದಾಗಿ ನೆಲೆಸಿದರು ಎಂದು 1086ರಲ್ಲಿ ರಾಜ ಮಾಡಿಸಿದ ಡೂಮ್ಸ್‌ಡೇ ಎಂಬ ಜನ, ಜಮೀನಿನ ಲೆಕ್ಕದಲ್ಲಿದೆ. ಫ್ರೆಂಚ್ ಸ್ಟ್ರೀಟ್ ಇಂದಿಗೂ ಇದೆ. ಅಂದಿನ ಇಂಗ್ಲಿಷ್ ಸ್ಟ್ರೀಟ್ ಈಗಿನ ಹೈ ಸ್ಟ್ರೀಟ್. ಆಮೇಲೆ ಫ್ರಾನ್ಸಿನ ಬೋರ್ಡೋ ಕಡೆಯ ನೆಲವೂ ಇಂಗ್ಲೆಂಡಿನ ರಾಜಮನೆತನಕ್ಕೆ ಸೇರಿತು. ಅಲ್ಲಿಂದ ವೈನ್ ಪೀಪಾಯಿ ಒಳಕ್ಕೆ, ಇಲ್ಲಿಂದ ಉಣ್ಣೆ ಹೊರಕ್ಕೆ. ವ್ಯಾಪಾರಿಗಳು ಕೈತುಂಬ ದುಡ್ಡು ಮಾಡಿದರು. ಕಡಲಿಗೆ ಮುಖ ಮಾಡಿ ಕಲ್ಲಿನ ಮನೆ ಕಟ್ಟಿಕೊಂಡರು. ಬಾಗಿಲು ತೆಗೆದರೆ ದಕ್ಕೆ, ಹಡಗಿನಿಂದ ನೇರ ನೆಲಮಾಳಿಗೆಗೆ ಸರಕು. ಗೋಡೆ ಕಟ್ಟಲೆಂದು ಸುಂಕ ಎತ್ತಲು ರಾಜನ ಅಪ್ಪಣೆ 1260ರಲ್ಲೇ ಸಿಕ್ಕಿತ್ತು. ನೆಲದ ಕಡೆ ಗೋಡೆ ಎದ್ದಿತು. ಕಡಲ ಕಡೆ ಮಾತ್ರ ಯಾರಿಗೂ ಬೇಕಿರಲಿಲ್ಲ. ಬಾಗಿಲಿಗೆ ಅಡ್ಡ ಗೋಡೆ ಕಟ್ಟಿಕೊಳ್ಳಲು ಯಾವ ವ್ಯಾಪಾರಿ ಒಪ್ಪುತ್ತಾನೆ ಹೇಳಿ?

1338ರ ಅಕ್ಟೋಬರ್‌ನ ಒಂದು ಭಾನುವಾರ ಅದಕ್ಕೆ ಬೆಲೆ ತೆತ್ತರು. ಜನ ಚರ್ಚಿನಲ್ಲಿದ್ದಾಗ ಫ್ರೆಂಚರ, ಇಟಲಿಯ ಜಿನೋವಾದವರ ಗ್ಯಾಲಿ ಹಡಗುಗಳು ಬಂದವು. ತಡೆಯಲು ಗೋಡೆ ಇರಲಿಲ್ಲ. ರಾಜನ ಉಣ್ಣೆ, ವೈನ್ ಎಲ್ಲ ಸೂರೆಯಾಯಿತು, ಸಿಕ್ಕವರನ್ನು ಕೊಂದರು, ಮನೆಗಳಿಗೆ ಬೆಂಕಿ ಇಟ್ಟರು. ರಾತ್ರಿ ಇಲ್ಲೇ ಉಳಿದು ಮರುದಿನ ಹೊರಟರು. ರಾಜ ಮೂರನೇ ಎಡ್ವರ್ಡ್ ಊರಿನವರ ಮೇಲೆ ಕಿಡಿಕಿಡಿಯಾದ. ಕಡಲ ಕಡೆಯೂ ಗೋಡೆ ಕಟ್ಟಿ ಎಂದು ಆಜ್ಞೆಯಾಯಿತು. ಹತ್ತು ವರ್ಷದಲ್ಲಿ ಪ್ಲೇಗ್ ಬೇರೆ ಬಂತು, ಕೆಲಸ ಎಳೆದಾಡಿತು. ಕೊನೆಗೆ ಹೊಸದಾಗಿ ಕಟ್ಟುವ ಬದಲು ವ್ಯಾಪಾರಿಗಳ ಮನೆಯ ಮುಂಗೋಡೆಯನ್ನೇ ಕೋಟೆಗೋಡೆ ಮಾಡಿದರು. ಬಾಗಿಲು, ಕಿಟಕಿಗೆ ಕಲ್ಲು ತುಂಬಿದರು, ಮುಂದೆ ಕಮಾನು ಕಟ್ಟಿದರು, ಫಿರಂಗಿಗೆ ಬೀಗದ ಕಿಂಡಿಯ ಆಕಾರದ ತೂತು ಬಿಟ್ಟರು. ಚಿಕ್ಕಪ್ಪ ಸವರಿದ್ದು ಅಂಥ ಒಂದು ಬಾಗಿಲನ್ನು. ಗೋಡೆ ಮುಗಿದಾಗ ಸುಮಾರು 2 ಕಿಲೋಮೀಟರ್ ಉದ್ದ, 29 ಬುರುಜು. ಸುಮಾರು ಅರ್ಧ ಇನ್ನೂ ನಿಂತಿದೆ.

ಅಲ್ಲೇ ಬ್ಲೂ ಆ್ಯಂಕರ್ ಲೇನ್ ಅನ್ನುವ ಕಿರಿದಾದ ಏರು ಓಣಿಯಿದೆ. ಪಕ್ಕದಲ್ಲಿ ಚಾವಣಿಯಿಲ್ಲದ ಕಲ್ಲಿನ ಮನೆ. ಅದನ್ನು ಕಿಂಗ್ ಜಾನ್ಸ್ ಪ್ಯಾಲೇಸ್ ಎಂದು ಕರೆಯುತ್ತಾರೆ, ನಿಮ್ಮ ಗೈಡ್‌ಗಳೂ "ಜಾನ್ ರಾಜನ ಅರಮನೆ" ಎಂದು ಹೇಳಿ ಮುಂದೆ ಹೋಗುತ್ತಾರೆ. ಅದು ಅರಮನೆ ಅಲ್ಲ, 12ನೇ ಶತಮಾನದ ವ್ಯಾಪಾರಿಯ ಮನೆ. ನನಗಂತೂ ಅರಮನೆಗಿಂತ ಇದೇ ಜಾಸ್ತಿ ಇಷ್ಟ. ಇಷ್ಟು ಹಳೆಯ ವ್ಯಾಪಾರಿ ಮನೆಯ ಗೋಡೆಗಳು ಇಂಗ್ಲೆಂಡಿನಲ್ಲಿ ಅಪರೂಪ.

ಆ ವ್ಯಾಪಾರಿಗಳು ಹೇಗೆ ಬದುಕಿದ್ದರು ಎಂದು ತಿಳಿದದ್ದು ಅವರ ಕಸದ ಗುಂಡಿಯಿಂದ. ಕುಕ್ಕೂ ಲೇನ್ ಎಂಬಲ್ಲಿ 13ನೇ ಶತಮಾನದ ಕೊನೆಯ ರಿಚರ್ಡ್ ಆಫ್ ಸೌತ್‌ವಿಕ್ ಎಂಬಾತನ ಗುಂಡಿ ಅಗೆದಾಗ ಅವನ ಮುದ್ರೆಯೇ ಸಿಕ್ಕಿತು. ಜೊತೆಗೆ ಸ್ಪೇನಿನ ಹೊಳಪು ಮಡಕೆ, ಅಂಜೂರ ಮತ್ತು ದ್ರಾಕ್ಷಿಯ ಬೀಜ, ಒಂದು ಕೋತಿಯ ಮೂಳೆ. ಉತ್ತರ ಆಫ್ರಿಕಾದಿಂದ ಹಡಗಿನಲ್ಲಿ ಬಂದು ಈ ಚಳಿಯಲ್ಲಿ ಶ್ರೀಮಂತನ ಮನೆಯಲ್ಲಿ ಕುಳಿತಿದ್ದ ಕೋತಿ! ಚಿಕ್ಕಪ್ಪ ಇದನ್ನು ಕೇಳಿ ಐದು ನಿಮಿಷ ನಕ್ಕರು. ಆಮೇಲೆ ಚಿತ್ರಾನ್ನದ ಡಬ್ಬಿ ತೆಗೆದೆವು.

ನಿಮ್ಮ ಗುಂಪಿಗೆ ನಮ್ಮ ನಾಡಿಗೆ ಸಂಬಂಧಪಟ್ಟದ್ದು ಏನಾದರೂ ಬೇಕೆಂದರೆ ಬಾರ್‌ಗೇಟ್ ಮುಂದೆ ನಿಲ್ಲಿಸಿ. 1180ರ ಸುಮಾರಿಗೆ ಕಟ್ಟಿದ ಉತ್ತರದ ಹೆಬ್ಬಾಗಿಲು ಅದು. ಊರಿಂದ ಹೊರಟ ಪ್ರತಿ ಗಾಡಿಯನ್ನೂ ಇಲ್ಲಿ ತಡೆದು ಸುಂಕದವನು ಬರೆದುಕೊಳ್ಳುತ್ತಿದ್ದ: ಗಾಡಿ ಹೊಡೆಯುವವನ ಹೆಸರು, ಯಾರ ಸರಕು, ಯಾವ ಊರಿಗೆ, ಸುಂಕ ಎಷ್ಟು. 1430ರಿಂದ ಆ ಪುಸ್ತಕಗಳು ಉಳಿದಿವೆ. ವೈನ್, ಬಟ್ಟೆಗೆ ಹಾಕುವ ನೀಲಿ ಬಣ್ಣ, ಪಟಿಕ, ಅದರ ಜೊತೆ ಕಾಳುಮೆಣಸು. ವೆನಿಸ್, ಜಿನೋವಾದ ಹಡಗುಗಳು ತರುತ್ತಿದ್ದ ಆ ಮೆಣಸು ಬೆಳೆದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆ. ಅರಬ್ ಹಡಗಿನಲ್ಲಿ ಕೆಂಪು ಸಮುದ್ರ, ಅಲ್ಲಿಂದ ಅಲೆಕ್ಸಾಂಡ್ರಿಯಾ, ಅಲ್ಲಿಂದ ಇಟಲಿ, ಆಮೇಲೆ ಇಲ್ಲಿ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಮೊರಾಕೊ ಪ್ರವಾಸಿ ಇಬ್ನ್ ಬತೂತ ಅಲ್ಲಿ ಮೆಣಸು, ಶುಂಠಿ ರಾಶಿ ರಾಶಿ ಇತ್ತು, ಪರ್ಷಿಯಾ ಮತ್ತು ಯೆಮೆನ್‌ನ ವ್ಯಾಪಾರಿಗಳು ಇಳಿಯುತ್ತಿದ್ದರು ಎಂದು ಹೇಳಿದ್ದಾನೆ. ಈ ಗೇಟಿನ ಕೆಳಗೆ ಹಾದುಹೋದ ಇಂಥದ್ದೇ ಮೂಟೆ ಮಂಗಳೂರಿನದು ಎಂದು ನಾನು ಹೇಳಲಾರೆ. ದಾರಿ ಮಾತ್ರ ಅದೇ.

ಇನ್ನೂ ಎಷ್ಟೋ ಇದೆ, ಎಲ್ಲ ಬರೆಯಲು ಹೋಗುವುದಿಲ್ಲ. 1415ರಲ್ಲಿ ರಾಜ ಐದನೇ ಹೆನ್ರಿ ಫ್ರಾನ್ಸಿಗೆ ದಂಡೆತ್ತಿ ಹೊರಟದ್ದು ಇಲ್ಲಿಂದ. ಹೊರಡುವ ಮುನ್ನ ಅವನನ್ನು ಕೊಲ್ಲಲು ಸಂಚು ಮಾಡಿದ ಮೂವರ ತಲೆ ಹೋದದ್ದೂ ಇಲ್ಲೇ. ಅವನಿಗಾಗಿ ಇಲ್ಲಿ ಕಟ್ಟಿದ ಗ್ರೇಸ್ ಡ್ಯೂ ಎಂಬ ಭಾರಿ ಹಡಗು ಒಂದೂ ಯುದ್ಧ ಮಾಡದೆ, 1439ರಲ್ಲಿ ಸಿಡಿಲು ಹೊಡೆದು ಪಕ್ಕದ ಹ್ಯಾಂಬಲ್ ಹೊಳೆಯಲ್ಲಿ ಸುಟ್ಟುಹೋಯಿತು. ಅದರ ತಳ ಇಂದಿಗೂ ಕೆಸರಿನಲ್ಲಿದೆ. 1290ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ದೂರದ ಒಂದು ಬುಗ್ಗೆಯ ನೀರು ಸಿಕ್ಕಿತು. ಕೊಳವೆಯಲ್ಲಿ ತಂದ ಆ ನೀರಿನಲ್ಲಿ ಮಿಕ್ಕಿದ್ದನ್ನು ಅವರು 1310ರಲ್ಲಿ ಊರಿಗೂ ಬಿಟ್ಟರು. ನಲ್ಲಿ ನೀರಿಗೆ ಕಾಯುವ ಕಷ್ಟ ಗೊತ್ತಿರುವ ನಮ್ಮ ಜನಕ್ಕೆ ಈ ಕಥೆ ರಾಜರ ಯುದ್ಧಕ್ಕಿಂತ ಬೇಗ ಹತ್ತಿರವಾಗುತ್ತದೆ ಎಂದು ನನ್ನ ಅನಿಸಿಕೆ.

ಈಗ ನನ್ನ ಕೋರಿಕೆ. ಆ ನಾಲ್ಕು ಗಂಟೆಯಲ್ಲಿ ಒಂದೂವರೆ ಗಂಟೆ ನಡಿಗೆಗೆ ಬಿಡಿ. ಬೇಡ ಎಂದವರು ಮಾಲ್‌ಗೆ ಹೋಗಲಿ, ಬಲವಂತ ಏಕೆ? ಬಾರ್‌ಗೇಟ್‌ನಿಂದ ಶುರುಮಾಡಿ ಪಶ್ಚಿಮದ ಗೋಡೆ ಹಿಡಿದು ಕಮಾನುಗಳನ್ನು ದಾಟಿ ವೆಸ್ಟ್‌ಗೇಟ್‌ವರೆಗೆ ಬಂದರೆ ದೂರ ಏನಲ್ಲ, ಹೆಚ್ಚಿನದ್ದು ಸಮತಟ್ಟು. ಅಲ್ಲಿಂದ ಫ್ರೆಂಚ್ ಸ್ಟ್ರೀಟ್‌ಗೆ ಹತ್ತಿದರೆ 1290ರ ಸುಮಾರಿನ ವೈನ್ ವ್ಯಾಪಾರಿಯ ಮನೆ ಪೂರ್ತಿ ನಿಂತಿದೆ, ಮುಂದೆ ಅಂಗಡಿ, ಕೆಳಗೆ ನೆಲಮಾಳಿಗೆ. ಅದು ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಗೈಡ್‌ಗಳ ಕೈಗೆ ಕೊಡುವ ಹಾಳೆಯಲ್ಲಿ ರೋಮನ್ ಗೋಡೆ, ಜಾನ್ ರಾಜನ ಅರಮನೆ, ಮೀನುಗಾರರ ಹಳ್ಳಿ ಈ ಮೂರನ್ನು ದಯವಿಟ್ಟು ಹೊಡೆದುಹಾಕಿ. ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಅಂದರೆ ಯಾರೂ ಬೈಯುವುದಿಲ್ಲ. ಈ ಪ್ರವಾಸಕ್ಕೆ ಜನ ಪಿ.ಎಫ್. ದುಡ್ಡು ತೆಗೆದು ಬರುತ್ತಾರೆ. ನಮ್ಮ ಚಿಕ್ಕಪ್ಪ ಹಾಗೇ ಬಂದದ್ದು.

ಅವರು ಬಸ್ಸಿಗೆ ವಾಪಸ್ ಬಂದಾಗ ಪಕ್ಕದ ಸೀಟಿನವರು "ಎಲ್ಲಿ ಹೋಗಿದ್ರಿ, ಏನು ತಗೊಂಡ್ರಿ?" ಅಂತ ಕೇಳಿದರು. ಚಿಕ್ಕಪ್ಪ ಕೋತಿಯ ಕಥೆಯಿಂದ ಶುರುಮಾಡಿದರು. ಹಿಂದಿನ ಮೂರು ಸಾಲು ಈ ಕಡೆ ತಿರುಗಿತು. ಅಷ್ಟರಲ್ಲಿ ಹಡಗಿನ ಹೊತ್ತಾಯಿತೆಂದು ಬಸ್ಸು ಹೊರಟಿತು, ಇಬ್ಬರು ಹೆಂಗಸರು "ನಮಗೂ ತೋರಿಸಬಹುದಿತ್ತಲ್ಲ" ಎಂದು ಗೊಣಗಿದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ನಿಮ್ಮ ಗೈಡ್‌ಗೂ ಕೇಳಿಸಿರಬೇಕು.

ಮುಂದಿನ ಬೇಸಿಗೆಗೆ ನಿಮ್ಮ ಗುಂಪು ಶನಿವಾರ ಅಥವಾ ಭಾನುವಾರ ಬರುವುದಾದರೆ ನಾನೇ ಬಾರ್‌ಗೇಟ್ ಕೆಳಗೆ ನಿಂತಿರುತ್ತೇನೆ. ದುಡ್ಡೇನೂ ಬೇಡ. ಛತ್ರಿ ಮಾತ್ರ ಎಲ್ಲರೂ ತರಲಿ.

ಇಂತಿ ತಮ್ಮ ವಿಶ್ವಾಸಿ,
ಸೌತಾಂಪ್ಟನ್‌ನಲ್ಲಿರುವ ಒಬ್ಬ ಕನ್ನಡಿಗ